ದೇವರ ಹೆಸರಲ್ಲೂ ಜಾಸ್ತಿ ಬೇಡ

ಬಸವನಗುಡಿ, ಬೆಂಗಳೂರು

ಪ್ರೀತಿಯ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಧ್ಯಾನಕ್ಕೆ ಕೂತರೆ ಮನಸ್ಸು ನಿಲ್ಲುತ್ತಿಲ್ಲ ಅಂದೆ. ಅದಕ್ಕೇ ದೊಡ್ಡ ಫ್ಲಾಟ್ ನೋಡುತ್ತಿದ್ದೀಯಂತೆ. ಪೂಜೆಗೇ ಒಂದು ಕೋಣೆ, ತೇಗದ ಮಂಟಪ. ದೇವರ ಕಡೆ ನಿನಗೆ ಒಲವು ಬಂದಿದ್ದು ನನಗೆ ತುಂಬಾ ಸಂತೋಷ. ಆದರೆ ಫ್ಲಾಟಿನ ಮಾತು ಒಪ್ಪಿಗೆಯಾಗಲಿಲ್ಲ.

ಹೋದ ಸಲ ಬೆಳ್ಳಂದೂರಿನ ನಿನ್ನ ಮನೆಗೆ ಬಂದಾಗ ನೋಡಿದೆ. ವಾಷಿಂಗ್ ಮೆಷಿನ್ ಪಕ್ಕ ರಟ್ಟಿನ ಡಬ್ಬಗಳು ಎದೆಯೆತ್ತರಕ್ಕೆ ಪೇರಿಸಿದ್ದವು. ಕೆಲವಕ್ಕೆ ಟೇಪೇ ಬಿಚ್ಚಿರಲಿಲ್ಲ. ನೀನು ದೀಪ ಹಚ್ಚಿ ಕೂತಿದ್ದೆ, ಬೆಲ್ ಆಯಿತು. ಎದ್ದು ಹೋಗಿ ಡೆಲಿವರಿ ಹುಡುಗನಿಗೆ ಓಟಿಪಿ ಹೇಳಿ ಬಂದೆ. ಕೂರುವಷ್ಟರಲ್ಲಿ ಇಎಂಐ ಮೆಸೇಜು. ನಿನಗೆ ಕಡಿಮೆಯಾಗಿರುವುದು ಕೋಣೆಯೇನಪ್ಪಾ?

ಆಯ್ದಕ್ಕಿ ಲಕ್ಕಮ್ಮನ ಕತೆ ಚಿಕ್ಕವನಿದ್ದಾಗ ಕೇಳಿದ್ದೀಯ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಗಂಡ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಜಾಸ್ತಿ ತಂದ. ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ವಾಪಸ್ ಕಳಿಸಿದಳು. ದುರಾಸೆ ಬೇಡ ಅನ್ನೋದಕ್ಕೆ ಎಲ್ಲರೂ ಈ ಕತೆ ಹೇಳುತ್ತಾರೆ. ಆದರೆ ಆ ಅಕ್ಕಿ ದಾಸೋಹಕ್ಕೆ ಬಂದದ್ದು, ಅವರ ಕಣಜ ತುಂಬಿಸಲಿಕ್ಕಲ್ಲ. ಒಳ್ಳೆಯ ಕೆಲಸದ ಹೆಸರಲ್ಲಿ ಒಳಗೆ ಬರುವ ಆಸೆಯನ್ನೂ ಅವಳು ಬಾಗಿಲಲ್ಲೇ ತಡೆದಳು. ಎಂಥ ಸೂಕ್ಷ್ಮ ನೋಡು! ನಿನ್ನ ತೇಗದ ಮಂಟಪದ ಸುದ್ದಿ ಕೇಳಿದಾಗಿನಿಂದ ಅವಳೇ ನೆನಪಾಗುತ್ತಿದ್ದಾಳೆ.

ಅಷ್ಟು ಹಿಂದಕ್ಕೆ ಹೋಗೋದೂ ಬೇಡ. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿಯವರೆಗೂ ನಮ್ಮ ನಡುವೆ ಇದ್ದರು. ಅವರ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ಬೇಡ ಅಂದರು. ತಮಗೆ ಸ್ಮಾರಕ ಕಟ್ಟಬಾರದು ಅಂತ ಮೊದಲೇ ಬರೆದಿಟ್ಟಿದ್ದರು. ಬೆಳಗಿನ ಪ್ರವಚನಕ್ಕೆ ಸಾವಿರಾರು ಜನ ಬಂದು ಸದ್ದಿಲ್ಲದೆ ಕೂರುತ್ತಿದ್ದರು.

ನೀನು ಸಂಸಾರಸ್ಥ, ಅವರ ಹಾಗೆ ಇರು ಅಂತ ನಾನು ಹೇಳುವುದಿಲ್ಲ. ಮಗುವಿನ ಫೀಸು, ಅಪ್ಪ ಅಮ್ಮನ ಔಷಧಿ, ಇವಕ್ಕೆ ದುಡ್ಡು ಕೂಡಿಡು. ಅದು ನಿನ್ನ ಧರ್ಮ. ಆದರೆ ಇಪ್ಪತ್ತು ವರ್ಷದ ಇನ್ನೊಂದು ಸಾಲ ತಲೆಗೆ ಕಟ್ಟಿಕೊಂಡರೆ, ರಾತ್ರಿ ಹತ್ತರ ಮೀಟಿಂಗಿಗೆ ಒಲ್ಲೆ ಅನ್ನುವ ಧೈರ್ಯ ಎಲ್ಲಿಂದ ಬರುತ್ತದೆ? ಬೆಳಿಗ್ಗೆ ಕಣ್ಣು ಮುಚ್ಚಿದರೆ ಕಾಣೋದು ಕಂತೇ ಅಲ್ವಾ?

ಸದ್ಯಕ್ಕೆ ಹೀಗೆ ಮಾಡು. ಏನಾದರೂ ಬೇಕು ಅನ್ನಿಸಿದರೆ ಚೀಟಿಯಲ್ಲಿ ಬರೆದಿಡು. ಹುಣ್ಣಿಮೆ ಕಳೆದ ಮೇಲೂ ಬೇಕಿದ್ದರೆ ತಗೋ. ಬಿಚ್ಚದ ಡಬ್ಬಗಳನ್ನು ಬೇಕಾದವರಿಗೆ ಕೊಟ್ಟುಬಿಡು. ಹರಿದದ್ದು, ಕೆಟ್ಟದ್ದು ಕೊಡೋದು ಸುಲಭ. ಹೊಸದನ್ನು ಕೊಡುವಾಗ ಕೈ ಹಿಂದೆಮುಂದೆ ನೋಡುತ್ತದೆ. ಆ ಎಳೆತವನ್ನು ಸುಮ್ನೆ ಗಮನಿಸು, ಕೊಡುವುದನ್ನು ನಿಲ್ಲಿಸಬೇಡ. ಕಣ್ಣು ಮುಚ್ಚಿ ಕೂತು ನೀನು ಹುಡುಕುತ್ತಿರುವ ಕೆಲಸ ಅಲ್ಲಿಯೇ ಶುರುವಾಗುತ್ತದೆ ಅಂತ ನನ್ನ ನಂಬಿಕೆ.

ಫ್ಲಾಟಿಗೆ ಅಡ್ವಾನ್ಸ್ ಕೊಡುವ ಮುಂಚೆ ಒಂದು ಶನಿವಾರ ಬಾ. ಸಂಜೆ ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಆಶ್ರಮದ ಆರತಿಗೆ ಹೋಗಿ ಬರೋಣ. ಹೆಂಡತಿಯನ್ನೂ ಕರೆದುಕೊಂಡು ಬಾ. ನಾನು ಹೇಳಿದ್ದು ಅವಳಿಗೂ ಸರಿ ಅನ್ನಿಸಬೇಕು, ಇಲ್ಲದಿದ್ದರೆ ನೀನೊಬ್ಬನೇ ಏನೂ ಶುರು ಮಾಡಬೇಡ.

ಇಂತಿ ನಿನ್ನ
ದೊಡ್ಡಮ್ಮ