ಹದಿನೈದು ಕಾಯಿಲೆಗಳ ಕ್ರಿಸ್ಮಸ್

ಮಾರಾಯಾ,

ಹಬ್ಬಕ್ಕೆ ಶುಭಾಶಯ ಕಳಿಸು ಅಂದರೆ ಕಾಯಿಲೆಗಳ ಪಟ್ಟಿ ಕಳಿಸುತ್ತೀಯಲ್ಲ ಅಂತ ಬೈಯಬೇಡ. ಬೈಯಲೇಬೇಕೆಂದರೆ ಎಲ್ಲರ ಮುಂದೆಯೇ ಬೈ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಪ್ಲಮ್ ಕೇಕಿನ ವಿಷಯ ಮಾತ್ರ ಎತ್ತಬೇಡ, ಮನೆಯವರೂ ಓದುತ್ತಾರೆ.

ಪಟ್ಟಿ ಪೋಪ್ ಫ್ರಾನ್ಸಿಸ್ ಅವರದು. 2014ರ ಡಿಸೆಂಬರ್ 22ರಂದು ವ್ಯಾಟಿಕನ್ನಿನ ಕ್ಲೆಮೆಂಟೈನ್ ಸಭಾಂಗಣದಲ್ಲಿ ಕಾರ್ಡಿನಲ್‌ಗಳು, ಬಿಷಪರು ಹಬ್ಬದ ನಾಲ್ಕು ಒಳ್ಳೆಯ ಮಾತು ಕೇಳಿ ಎದ್ದುಹೋಗುವ ಅಂದಾಜಿನಲ್ಲಿ ಕೂತಿದ್ದರು. ಇವರು ನೋಡಿದರೆ ಚರ್ಚಿನ ಕೇಂದ್ರ ಆಡಳಿತಕ್ಕೆ ಅಂಟುವ ಹದಿನೈದು ಕಾಯಿಲೆಗಳನ್ನು ಒಂದೊಂದಾಗಿ ಓದಿದರು. ನಾನಿಲ್ಲದೆ ಏನೂ ನಡೆಯದು ಎಂಬುದು ಮೊದಲನೆಯದು. ಅದಕ್ಕೆ ಮದ್ದೂ ಹೇಳಿದರು: ಒಮ್ಮೆ ಸ್ಮಶಾನಕ್ಕೆ ಹೋಗಿ ಬನ್ನಿ, ಅಲ್ಲಿ ಮಲಗಿದವರಲ್ಲೂ ಹಲವರು ಹಾಗೇ ಅಂದುಕೊಂಡಿದ್ದರು. ಆರನೆಯದು ಆತ್ಮದ ಆಲ್ಜೈಮರ್, ಒಂಬತ್ತನೆಯದು ಬೆನ್ನ ಹಿಂದೆ ಆಡಿಕೊಳ್ಳುವುದು, ಹನ್ನೆರಡನೆಯದು ಸಾವಿನ ಮನೆಯ ಮುಖ. ಅದೇ ದಿನ ವ್ಯಾಟಿಕನ್ನಿನ ನೌಕರರನ್ನು ಹೆಂಡತಿ ಮಕ್ಕಳ ಸಮೇತ ಕಂಡು, ತಮ್ಮ ಹಾಗೂ ತಮ್ಮವರ ಲೋಪಗಳಿಗೆ ಕ್ಷಮೆ ಕೇಳಿದರು. ಬೈದದ್ದು ದೊಡ್ಡವರನ್ನು, ಕ್ಷಮೆ ಕೇಳಿದ್ದು ಕೆಲಸದವರಲ್ಲಿ. ನನಗೆ ಆ ಎರಡನೇ ಭಾಗವೇ ಹೆಚ್ಚು. ಮರುವರ್ಷ ಸ್ವತಃ ಫ್ಲೂ ಹಿಡಿದು ಕೂತೇ ಮಾತಾಡಿದರು, ಈ ಸಲ ಆ್ಯಂಟಿಬಯಾಟಿಕ್‌ಗಳ ಪಟ್ಟಿ: ಕರುಣೆ ಎಂಬರ್ಥದ ಹನ್ನೆರಡಕ್ಷರದ ಇಟಾಲಿಯನ್ ಪದ ಹಿಡಿದು ಅಕ್ಷರಕ್ಕೆ ಎರಡರಂತೆ ಸದ್ಗುಣ.

ಈ ಪಟ್ಟಿಯನ್ನು ಅವರು ಕೊಟ್ಟದ್ದು ಕ್ರಿಸ್ಮಸ್ಸಿನ ಪಾಪನಿವೇದನೆಗೆ, ಅಂದರೆ ಗುರುಗಳ ಮುಂದೆ ತಪ್ಪೊಪ್ಪಿಕೊಳ್ಳುವುದಕ್ಕೆ, ತಯಾರಿ ಮಾಡಿಕೊಳ್ಳಲಿ ಅಂತ. ಹದಿನೈದನ್ನೂ ಒಂದೇ ಸಲಕ್ಕೆ ಓದಿದರೆ ನಾಲ್ಕನೆಯದರ ಹೊತ್ತಿಗೆ ಮನಸ್ಸು ಮರಗಟ್ಟುತ್ತದೆ. ಎರಡೋ ಮೂರೋ ಆರಿಸಿ ನಿನ್ನ ತಪ್ಪು ಬರೆದುಕೊ. ‘ಹೊಟ್ಟೆಕಿಚ್ಚು’ ಅಂತ ಬರೆದರೆ ಗುರುಗಳಿಗೂ ಏನೂ ತಿಳಿಯದು, ನಿನಗೂ ನಾಟದು. ‘ಸಭೆಯಲ್ಲಿ ಅವನನ್ನು ಹೊಗಳುವಾಗ ನಾನು ಬೇಕೆಂದೇ ಮಾತು ತಿರುಗಿಸಿದೆ’ ಅಂತ ನಡೆದದ್ದನ್ನೇ ಬರಿ. ಹೆಚ್ಚಿನವರದು ಕೆಡುವುದು ಇಲ್ಲಿ: ಏಳನೆಯದಾದ ಪೈಪೋಟಿಗೆ ಬಂದೊಡನೆ ವಾರ್ಡಿನ ಮುಖಂಡರಾದ ಗುರ್ಕಾರರ ಮುಖ, ಹತ್ತನೆಯದಾದ ಮೇಲಿನವರ ಭಜನೆಗೆ ಬಂದೊಡನೆ ಚರ್ಚಿನ ಪಾಲನಾ ಮಂಡಳಿಯ ಕಾರ್ಯದರ್ಶಿಯ ಮುಖ. ಬೇರೆಯವರ ಹೆಸರು ಬಂತೋ, ಆ ಸಾಲು ಹೊಡೆದುಹಾಕಿ ‘ನಾನು’ ಅಂತ ಶುರುಮಾಡು. 2024ರ ಕ್ರಿಸ್ಮಸ್ ಮಾತಿನಲ್ಲಿ ಫ್ರಾನ್ಸಿಸ್ ಗಾಜಾದ ಸಂತ ಡೊರೋಥಿಯಸರನ್ನು ನೆನೆದು ಇದನ್ನೇ ಹೇಳಿದ್ದು: ದೂರುವುದಾದರೆ ಮೊದಲು ತನ್ನನ್ನು. ಹೌದು, ಅದೇ ಗಾಜಾ.

ಕಾಲ ಕೆಟ್ಟಿತು ಅನ್ನುವ ನಮ್ಮ ಹಿರಿಯರಿಗೆ 2019ರ ಡಿಸೆಂಬರ್ 21ರ ಭಾಷಣ ಓದಿಸಬೇಕು. ಇದು ಬದಲಾವಣೆಯ ಯುಗವಲ್ಲ, ಯುಗವೇ ಬದಲಾಗುತ್ತಿದೆ ಎಂದರು. ಸಂಸ್ಕೃತಿ ಕಟ್ಟುವವರು ಈಗ ಕ್ರೈಸ್ತರಾದ ನಾವಷ್ಟೇ ಅಲ್ಲ, ಜನ ಮೊದಲು ಕಿವಿಗೊಡುವುದೂ ನಮಗಲ್ಲ. ಕ್ರಿಸ್ಮಸ್ಸಿನ ಮಧ್ಯರಾತ್ರಿಯ ಪೂಜೆಯನ್ನೇ ನೋಡು. ವ್ಯಾಟಿಕನ್ನಿನಲ್ಲಿ ಅದು 2009ರಲ್ಲಿ ರಾತ್ರಿ ಹತ್ತಕ್ಕೆ ಬಂತು, 2024ರಲ್ಲಿ ಸಂಜೆ ಏಳಕ್ಕೆ. ನಮ್ಮ ಕರಾವಳಿಯ ಹಲವು ಚರ್ಚುಗಳಲ್ಲೂ ಹೆಚ್ಚುಕಡಿಮೆ ಅದೇ ಹೊತ್ತು. ಯಾರ ನಂಬಿಕೆಯೂ ಮುರಿದುಬೀಳಲಿಲ್ಲ, ನಿದ್ದೆ ಚೆನ್ನಾಗಿ ಬಂತು.

ನಾನು ಹೇಳಬೇಕಿದ್ದದ್ದು ಇಷ್ಟೇ. ಆದರೆ ಆ 2024ರ ಡಿಸೆಂಬರ್ 24ರ ಸಂಜೆ ತಲೆಯಿಂದ ಇಳಿಯುತ್ತಿಲ್ಲ. ಜುಬಿಲಿ ಎಂಬ ಪವಿತ್ರ ವರ್ಷಕ್ಕೆ ಮಾತ್ರ ತೆರೆಯುವ ಪವಿತ್ರ ದ್ವಾರದ ವಿಧಿ. ಒಳಬದಿಯ ಇಟ್ಟಿಗೆ ಗೋಡೆಯನ್ನು ಮೊದಲೇ ಒಡೆದು, ಅದರೊಳಗಿನ ಲೋಹದ ಪೆಟ್ಟಿಗೆಯಿಂದ ಬೀಗದ ಕೈ ತೆಗೆದಿಟ್ಟಿರುತ್ತಾರೆ, ಪೋಪ್ ಬಂದು ತಟ್ಟಿದರೆ ಸಾಕು. (1974ರಲ್ಲಿ ಗೋಡೆ ಹೊರಗಿತ್ತು. ಸುತ್ತಿಗೆ ಬಡಿದ ಅಂದಿನ ಪೋಪ್ ಆರನೇ ಪೌಲರ ಹತ್ತಿರವೇ ಚೂರುಗಳು ಉದುರಿದವು. ಆಮೇಲೆ ಕ್ರಮ ಬದಲಾಯಿತು.) ಫ್ರಾನ್ಸಿಸ್ ಗಾಲಿಕುರ್ಚಿಯಿಂದಲೇ ಮುಂದಕ್ಕೆ ಬಾಗಿ ತಟ್ಟಿದರು. ನನಗೆ ಭಕ್ತಿ ಬರಲಿಲ್ಲ, ಮುಜುಗರವಾಯಿತು. ಸಾಕು, ಒಳಗೆ ಕರೆದುಕೊಂಡು ಹೋಗಿ ಅನಿಸಿತು. ಮುಂದಿನ ಈಸ್ಟರಿಗೆ ಅವರ ಸಂದೇಶವನ್ನು ಬೇರೊಬ್ಬರು ಓದಿದರು, ಮರುದಿನ, 2025ರ ಏಪ್ರಿಲ್ 21ರಂದು, ತೀರಿಕೊಂಡರು.

ಪೋಪ್ ಎರಡನೇ ಜಾನ್ ಪೌಲ್ 2005ರ ಈಸ್ಟರಿಗೆ ಕಿಟಕಿಯಲ್ಲಿ ದನಿ ಹೊರಡದೆಯೇ ಕಾಣಿಸಿಕೊಂಡದ್ದು ಸರಿಯೋ, ಬಲ ಸಾಲದು ಎಂದು 2013ರ ಫೆಬ್ರವರಿ 11ರಂದು, ಅದೂ ರೋಗಿಗಳ ವಿಶ್ವದಿನದಂದು, ರಾಜೀನಾಮೆ ಹೇಳಿದ ಅವರ ನಂತರದ ಪೋಪ್ ಬೆನೆಡಿಕ್ಟ್ ಸರಿಯೋ ಅಂತ ನಾವು ಎಷ್ಟು ಜಗಳ ಆಡಿಲ್ಲ? ನಾನು ಯಾವತ್ತೂ ಬೆನೆಡಿಕ್ಟರ ಪಕ್ಷ. ಆಡಳಿತ ಸಾಗಬೇಕು ಅಂತ ವಾದಿಸುತ್ತಿದ್ದೆ. ಅದು ಕಾರಣವೇ ಅಲ್ಲ. ಗೋದಲಿಯಲ್ಲಿ ಮಲಗಿದ ಕೂಸು ಯೇಸುವಿನ ಕೈಲಾಗದತನಕ್ಕೆ ಮೊಣಕಾಲೂರುತ್ತೇನೆ, ಮುದಿ ಮೈಯದ್ದನ್ನು ನೋಡಲಾರೆ. ನನಗೆ ಹಾಗಾದರೆ ಬಾಗಿಲು ಹಾಕಿಕೊಳ್ಳುವವನು ನಾನು. ಗುರುಗಳು ಪರಮಪ್ರಸಾದ ಹಿಡಿದು ಬಂದರೂ ಮಲಗಿದ್ದಾನೆ ಅಂತ ಹೇಳಿಸುತ್ತೇನೆ, ನಿನಗೂ ಅಷ್ಟೇ. ಇನ್ನೊಬ್ಬರು ಬಾಯಿ ಒರೆಸಬೇಕಾದ ದಿನ ನಾನು ಪ್ರಾರ್ಥನೆ ಮಾಡುತ್ತೇನೆಯೇ? ನಂಬಿಕೆ ಇಲ್ಲ.

ಅಯ್ಯೋ, ಪತ್ರ ಎಲ್ಲಿಗೋ ಹೋಯಿತು. ಹದಿನೈದನೇ ಕಾಯಿಲೆ ಏನು ಗೊತ್ತಾ, ತನ್ನನ್ನು ಮೆರೆಸಿಕೊಳ್ಳುವುದು. ಗುಟ್ಟಿನ ಮಾತನ್ನು ಊರಿಗೆಲ್ಲ ಓದಿಸುವವನಿಗೆ ಬೇರೆ ತಪಾಸಣೆ ಬೇಡ. ಹನ್ನೆರಡನೆಯದಾದ ಸಾವಿನ ಮನೆಯ ಮುಖಕ್ಕೂ ಫ್ರಾನ್ಸಿಸ್ ಖಚಿತ ಔಷಧ ಬರೆದಿದ್ದರು: ಸಂತ ಥಾಮಸ್ ಮೋರರ ಹೆಸರಿನಲ್ಲಿ ಬಂದ ಪ್ರಾರ್ಥನೆ, ತಾವೂ ದಿನಾ ಹೇಳುತ್ತೇನೆ ಅಂದಿದ್ದರು. ಶುರುವಾಗುವುದೇ ಹೀಗೆ: ದೇವರೇ, ಒಳ್ಳೆಯ ಜೀರ್ಣಶಕ್ತಿ ಕೊಡು, ಜೀರ್ಣಿಸಲಿಕ್ಕೂ ಏನಾದರೂ ಕೊಡು. ಮೊದಲರ್ಧ ನಾನು ನೋಡಿಕೊಳ್ಳುತ್ತೇನೆ. ಉಳಿದರ್ಧಕ್ಕೆ ನಿಮ್ಮ ಮನೆಯ ಕ್ರಿಸ್ಮಸ್ ತಿಂಡಿಗಳ ಕುಸ್ವಾರಿನಲ್ಲಿ ನೆವ್ರಿ ಜಾಸ್ತಿ ಇರಲಿ, ಕಲ್‌ಕಲ್ ನೀನೇ ಇಟ್ಟುಕೊ.

ನಿನ್ನ,
ಎರಡನೇ ಬೆಂಚಿನ ಮೊನ್ಸಿಂಜೊರ್