ಹಳೇ ರೆಕಾರ್ಡ್ ಪ್ಲೇಯರ್ ಆರ್ಮ್‌ಗೆ ಎಣ್ಣೆ ಬಿಡ್ಬೇಡಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಲಿ ಹಳೇ ರೆಕಾರ್ಡ್ ಪ್ಲೇಯರ್‌ಗಳ ಬಗ್ಗೆ ಬಂದ ಬರಹ ಓದ್ದೆ. ಚೆನ್ನಾಗಿತ್ತು, ಆದ್ರೆ ಕೊನೇಲಿ ಆಟೊಮ್ಯಾಟಿಕ್ ಪ್ಲೇಯರ್‌ನ ಆರ್ಮ್ (ಮುಳ್ಳು ಹೊತ್ತಿರೋ ಕೈ) ಕೈಕೊಟ್ರೆ ಸ್ವಲ್ಪ ಎಣ್ಣೆ ಬಿಟ್ಟು ನೋಡಿ, ಆಗ್ಲೂ ಸರಿಹೋಗ್ಲಿಲ್ಲ ಅಂದ್ರೆ ಶೋಕೇಸಲ್ಲಿ ಇಟ್ಬಿಡಿ ಅನ್ನೋ ಅರ್ಥದಲ್ಲಿ ಬರ್ದಿದಾರಲ್ಲ, ಅದನ್ನ ಒಪ್ಪಕ್ಕಾಗಲ್ಲ. ನನ್ನ ಕೈಗೆ ಬಂದ ಮಷೀನ್‌ಗಳಲ್ಲಿ ಅರ್ಧಕ್ಕರ್ಧ ಹಾಳಾಗಿದ್ದೇ ಯಾರೋ ಎಣ್ಣೆ ಬಿಟ್ಟಿದ್ರಿಂದ. ಅದ್ರಲ್ಲೂ ಕೊಬ್ಬರಿ ಎಣ್ಣೆ! ನಮ್ಮ ಮಲೆನಾಡಿನ ಚಳಿಗೆ ಬಾಟ್ಲೀಲೇ ಗಟ್ಟಿಯಾಗೋ ಎಣ್ಣೆ ಮಷೀನೊಳಗೆ ಇನ್ನೇನು ಮಾಡೀತು ಹೇಳಿ.

ಬಿಎಸ್‌ಆರ್, ಗ್ಯಾರಾರ್ಡ್ ಕಂಪನಿಗಳ ಥರದ ಚೇಂಜರ್‌ಗಳಲ್ಲಿ, ಅಂದ್ರೆ ಒಂದಾದ್ಮೇಲೊಂದು ರೆಕಾರ್ಡ್ ತಾನಾಗೇ ಹಾಕೋ ಪ್ಲೇಯರ್‌ಗಳಲ್ಲಿ, ಆರ್ಮ್ ತಾನಾಗೇ ಓಡಾಡೋದಕ್ಕೆ ಸರ್ಕ್ಯೂಟು ಗಿರ್ಕ್ಯೂಟು ಏನೂ ಇಲ್ಲ. ರೆಕಾರ್ಡ್ ಕೂರೋ ತಟ್ಟೆ ಎತ್ತಿದ್ರೆ ಕೆಳಗೊಂದು ದೊಡ್ಡ ಗೇರ್ ಕಾಣುತ್ತೆ, ಅದ್ರಲ್ಲಿ ಒಂದ್ಕಡೆ ಹಲ್ಲೇ ಇರಲ್ಲ. ಹಾಡು ಬರ್ತಿರೋವಾಗ ಹಲ್ಲಿಲ್ಲದ ಜಾಗ ನಡುವಿನ ಚಿಕ್ಕ ಗೇರಿನ ಕಡೆ ಮುಖ ಮಾಡ್ಕೊಂಡು ಸುಮ್ನೆ ಕೂತಿರುತ್ತೆ. ಹಾಡು ಮುಗೀತು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ ಅನ್ನೋದೇ ಮಜಾ. ಎಲ್‌ಪಿ, ಅಂದ್ರೆ ದೊಡ್ಡ ರೆಕಾರ್ಡ್, ಓಡುವಾಗ ಆರ್ಮ್ ಒಂದು ಸುತ್ತಿಗೆ ಒಳಗಡೆ ಸರಿಯೋದು ಹೆಚ್ಚುಕಮ್ಮಿ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗ, ಅದ್ರ ಜೊತೆ ಸರಿಯೋ ಒಂದು ಪುಟಾಣಿ ಕೊಕ್ಕೆನ ತಟ್ಟೆ ಪ್ರತಿ ಸುತ್ತಿಗೂ ತಟ್ಟಿ ಹಿಂದಕ್ಕೆ ಕಳಿಸ್ತಾನೇ ಇರುತ್ತೆ. ಕೊನೇಲಿ ಖಾಲಿ ಗೆರೆಗೆ ಬಂದಾಗ ಆರ್ಮ್ ಒಂದೇ ಸುತ್ತಲ್ಲಿ ಹಲವು ಮಿಲಿಮೀಟರ್ ಒಳಗೆ ನುಗ್ಗುತ್ತೆ, ಕೊಕ್ಕೆನೂ ಜಾಸ್ತಿ ಮುಂದೆ ಬಂದು ಸಿಕ್ಕಾಕೊಳ್ಳುತ್ತೆ, ದೊಡ್ಡ ಗೇರ್ ತಿರುಗಕ್ಕೆ ಶುರು, ಆ ಒಂದು ಸುತ್ತಲ್ಲೇ ಆರ್ಮ್ ಎತ್ತೋದು ವಾಪಸ್ ತರೋದು ಮುಂದಿನ ರೆಕಾರ್ಡ್ ಬೀಳ್ಸೋದು ಎಲ್ಲಾ ಆಗಿಹೋಗುತ್ತೆ.

ಫ್ಯಾಕ್ಟರೀಲಿ ಹಾಕಿದ್ ಗ್ರೀಸು ನಲವತ್ತು ಐವತ್ತು ವರ್ಷ ಆದ್ಮೇಲೆ ಹಲಸಿನ ಮೇಣದ ಥರ ಆಗಿರುತ್ತೆ. ಆ ಕೊಕ್ಕೆ ಉಸಿರು ಊದಿದ್ರೂ ಅಲ್ಲಾಡೋ ಹಾಗಿರ್ಬೇಕು, ಅಂಟ್ಕೊಂಡ್ರೆ ಕಥೆ ಮುಗೀತು. ಹಿಂದಕ್ಕೆ ಅಂಟಿದ್ರೆ ಹಾಡು ಮುಗಿದ್ರೂ ಆರ್ಮ್ ಅಲ್ಲೇ ಟಿಕ್ ಟಿಕ್ ಅಂತ ಕೂತಿರುತ್ತೆ, ಮುಂದಕ್ಕೆ ಅಂಟಿದ್ರೆ ಮುಳ್ಳು ರೆಕಾರ್ಡ್ ಮುಟ್ಟಿದ ತಕ್ಷಣ ಎದ್ದು ವಾಪಸ್ ಹೋಗುತ್ತೆ. ಎರಡಕ್ಕೂ ಮದ್ದು ಒಂದೇ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಇಯರ್‌ಬಡ್‌ನಲ್ಲಿ ಹಳೇ ಗ್ರೀಸ್ ಪೂರ್ತಿ ತೆಗೀರಿ, ಜಾರೋ ಲಿವರ್‌ಗಳಿಗೆ ಒಂಚೂರು ಹೊಸ ಲಿಥಿಯಂ ಗ್ರೀಸ್ ಹಾಕಿ, ಕೊಕ್ಕೆ ಮಾತ್ರ ಒಣಗೇ ಇರ್ಲಿ. ಇದೆಲ್ಲ ಪ್ಲಗ್ ಕಿತ್ತಿಟ್ಟು ಮಾಡೋ ಕೆಲಸ, ಮರೀಬೇಡಿ. ಮಧ್ಯದಲ್ಲಿ ಸಿಕ್ಕಾಕೊಂಡ ಆರ್ಮ್‌ನ ಕೈಯಲ್ಲಿ ಎಳೀಲೂಬೇಡಿ, ಒಳಗಿನ ಅಚ್ಚು ಲೋಹ ಪುಸಕ್ ಅಂತ ಮುರಿಯುತ್ತೆ. ತಟ್ಟೆನ ಮೆಲ್ಲಗೆ ಗಡಿಯಾರದ ಮುಳ್ಳು ಹೋಗೋ ದಿಕ್ಕಿಗೆ ತಿರುಗಿಸ್ತಾ ಹೋದ್ರೆ ಅದರ ಪಾಡಿಗೆ ಅದು ಸುತ್ತು ಮುಗ್ಸುತ್ತೆ.

ಆರ್ಮ್ ರೆಕಾರ್ಡಿನ ಅಂಚಿಂದ ಆಚೆ ಬೀಳ್ತಿದ್ರೆ, ಇಲ್ಲಾ ಪಲ್ಲವಿ ಬಿಟ್ಟು ಒಳಗೆ ಬೀಳ್ತಿದ್ರೆ ಅದಕ್ಕಂತಲೇ ಒಂದು ಸ್ಕ್ರೂ ಇದೆ, ಸಾಮಾನ್ಯವಾಗಿ ಆರ್ಮ್ ಬುಡದ ಹತ್ರ. ಕಾಲು ಸುತ್ತಿಗಿಂತ ಕಮ್ಮಿ ತಿರುಗಿಸಿ ನೋಡಿ. ಜರ್ಮನಿಯ ಡ್ಯುಯಲ್ 1200 ಸೀರೀಸ್ ಇದ್ರೆ ಮಾತ್ರ ಇನ್ನೊಂದು ವಿಷ್ಯ, ಆರ್ಮ್ ಎದ್ದು ರೆಕಾರ್ಡ್ ಕಡೆ ಬರದೆ ಇದ್ದಲ್ಲೇ ಇಳಿದ್ರೆ ಸ್ಟಾಯರ್‌ಪಿಂಪಲ್ ಅನ್ನೋ ಅಕ್ಕಿಕಾಳಿಗಿಂತ ಚಿಕ್ಕ ತುಣುಕೊಂದು ಸವೆದೋ ಉದುರೋ ಹೋಗಿರುತ್ತೆ, ವೈರಿನ ಪ್ಲಾಸ್ಟಿಕ್ ಸಿಪ್ಪೆ ಅಳತೆಗೆ ಕತ್ತರಿಸಿ ಕೂರಿಸಿದ್ರೂ ನಡೆಯುತ್ತೆ. ಇದೊಂದಕ್ಕೇ ಎಷ್ಟು ಒಳ್ಳೊಳ್ಳೆ ಡ್ಯುಯಲ್‌ಗಳು ಗುಜರಿಗೆ ಹೋಗಿದಾವೋ.

ಮುಳ್ಳು ಜಾರುತ್ತೆ ಅಂತ ಆರ್ಮ್‌ನ ತಲೆ ಮೇಲೆ ಒಂದ್ರೂಪಾಯಿ ನಾಣ್ಯ ಇಡೋ ಅಭ್ಯಾಸ ಇನ್ನೂ ಹೋಗಿಲ್ಲ. ನಾಣ್ಯನೇ ಮೂರ್ನಾಲ್ಕು ಗ್ರಾಂ ತೂಗುತ್ತೆ ಸ್ವಾಮಿ, ಈ ಮಷೀನ್‌ಗಳ ಸೆರಾಮಿಕ್ ಕಾರ್ಟ್ರಿಜ್‌ಗೆ (ಮುಳ್ಳು ಕೂರೋ ಭಾಗ) ಬೇಕಾಗೋ ಒಟ್ಟು ಭಾರನೇ ಹೆಚ್ಚುಕಮ್ಮಿ ಅಷ್ಟು. ಅಂದ್ರೆ ಡಬಲ್ ಭಾರ ಹಾಕಿ ಅಣ್ಣಾವ್ರ ಇಪಿಗಳನ್ನ (ಚಿಕ್ಕ ರೆಕಾರ್ಡ್) ಉಳುಮೆ ಮಾಡ್ತಿದೀರಿ. ಮೊದ್ಲು ಮುಳ್ಳು ಯಾವ ಕಡೆಗೆ ಇದೆ ನೋಡಿ, ಮಗುಚೋ ಥರದ್ದಾದ್ರೆ ಹಳೇ 78 ಸ್ಪೀಡಿನ ರೆಕಾರ್ಡ್‌ದು ಒಂದು ಬದಿ, ಎಲ್‌ಪಿದು ಇನ್ನೊಂದು ಬದಿ, 78ರ ದಪ್ಪ ಮುಳ್ಳು ಎಲ್‌ಪಿ ಗೆರೆಯೊಳಗೆ ಇಳಿಯೋದೇ ಇಲ್ಲ.

ಇನ್ನು ಅಮೆರಿಕದಿಂದ ಮಗನೋ ಅಳಿಯನೋ ತಂದ ಮಷೀನು, ಟ್ರಾನ್ಸ್‌ಫಾರ್ಮರ್ ಹಾಕಿದ್ರೂ ಹಾಡು ಎಳೆದೆಳೆದು ಬರುತ್ತೆ ಅಂದ್ರೆ ಅದು ಆರ್ಮ್ ತಪ್ಪಲ್ಲ, ಅಲ್ಲಿನ ಕರೆಂಟು 60 ಹರ್ಟ್ಸ್ ನಮ್ದು 50, ಹಾಗಾಗಿ ನಿಮಿಷಕ್ಕೆ 33 ಸುತ್ತಿನ ಸ್ಪೀಡು 28ರ ಹತ್ರ ಇಳಿಯುತ್ತೆ. ಮೋಟರ್ ಪುಲ್ಲಿ 50ರದ್ದು ಹಾಕಿಸ್ಬೇಕು. ಒಂದೇ ರೆಕಾರ್ಡು ಮತ್ತೆ ಮತ್ತೆ ಬರುತ್ತೆ ಅನ್ನೋದು ಎಷ್ಟೋ ಸಲ ಫಾಲ್ಟೇ ಅಲ್ಲ, ರೆಕಾರ್ಡ್ ಒತ್ತಿಹಿಡಿಯೋ ಮೇಲಿನ ಕಡ್ಡಿ ಪಕ್ಕಕ್ಕೆ ಸರಿಸಿಟ್ರೆ ಬಹಳ ಚೇಂಜರ್‌ಗಳು ಹಾಗೇ ಮಾಡ್ತವೆ.

ನನ್ನ ಸಿಟ್ಟು ಇರೋದು ಕೆಲವು ರಿಪೇರಿ ಅಂಗಡಿಗಳ ಮೇಲೆ. ಕ್ಲೀನ್ ಮಾಡೋ ತಾಳ್ಮೆ ಇಲ್ದೆ ಕೊಕ್ಕೆ, ಲಿವರ್ ಎಲ್ಲ ಕಿತ್ತು ಮ್ಯಾನ್ಯುಯಲ್ ಮಾಡಿ ಕೊಟ್ಬಿಡ್ತಾರೆ, ಪಾರ್ಟು ಸಿಗಲ್ಲ ಸಾರ್ ಅಂತಾರೆ. ನಮ್ಮ ಮಾವನ ಮಷೀನಿಗೂ ಇದೇ ಗತಿ ಆಯ್ತು, ಕಿತ್ತಿದ್ದನ್ನ ಕೇಳಿದ್ರೆ ಎಸೆದಾಯ್ತು ಅಂದ್ರು. ಅದಕ್ಕೇ ರಿಪೇರಿಗೆ ಕೊಡೋರು ಮೊದ್ಲೇ ಹೇಳ್ಬಿಡಿ: ಏನೇ ಬಿಚ್ಚಿದ್ರೂ, ಕೆಲಸಕ್ಕೆ ಬರಲ್ಲ ಅನ್ಸಿದ್ರೂ, ಒಂದು ಕವರಿಗೆ ಹಾಕಿ ವಾಪಸ್ ಕೊಡ್ಬೇಕು ಅಂತ.

ಇಂತಿ,
ನಿಮ್ಮ ಓದುಗ, ಸಾಗರ