ಭಾನುವಾರ ದೊಡ್ಡಗದ್ದವಳ್ಳಿಗೆ

ಎಲ್ರಿಗೂ ನಮಸ್ಕಾರ. ಈ ಭಾನುವಾರದ ಫೋಟೋ ಸುತ್ತಾಟ ಬೇಲೂರಿಗಲ್ಲ, ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಗೆ. ಬೇಲೂರು-ಹಳೇಬೀಡು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿವೆ, ರಜಾ ದಿನ ಅಲ್ಲಿ ಫ್ರೇಮಿಗೆ ಬರೀ ತಲೆಗಳೇ ಸಿಗೋದು!

ಇಲ್ಲಿ ಕೆರೆ ಪಕ್ಕದಲ್ಲೇ ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ದೇವಸ್ಥಾನ. 12ನೇ ಶತಮಾನದ್ದು. ಕಟ್ಟಿಸಿದ್ದು ರಾಜನಲ್ಲ, ವ್ಯಾಪಾರಿ ಕುಲ್ಲಹಣ ರಾಹುತ ಮತ್ತು ಹೆಂಡತಿ ಸಹಜಾದೇವಿ. ಕಾಳಿ ಗುಡಿ ಬಾಗಿಲ ಎರಡೂ ಕಡೆ ನಿಂತಿರೋ ಬೇತಾಳಗಳನ್ನ ಮಾತ್ರ ಬಿಡಬೇಡಿ, ಬರೀ ಮೂಳೆಚಕ್ಕಳ, ನನಗಂತೂ ಬೇಲೂರಿನ ಮದನಿಕೆಯರ ಶಿಲ್ಪಗಳಿಗಿಂತ ಇವೇ ಇಷ್ಟ. ಒಳಗೆ ಕತ್ತಲು, ಆದ್ರೂ ಫ್ಲ್ಯಾಶ್ ಬೇಡ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ, ಮೊಣಕೈ ಎದೆಗೊತ್ತಿ, ಉಸಿರು ಬಿಗಿಹಿಡಿದು ಕ್ಲಿಕ್ ಮಾಡಿ.

ಬೆಳಗ್ಗೆ 8ಕ್ಕೆ ಹಾಸನ ಹೊಸ ಬಸ್ ನಿಲ್ದಾಣದ ಎದುರು ಸೇರೋಣ. ಬರೋರು ಶನಿವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಅಲ್ಲೀವರೆಗೂ ದಯವಿಟ್ಟು ಗುಡ್ ಮಾರ್ನಿಂಗ್ ಫಾರ್ವರ್ಡ್ ಬೇಡ, ಹೆಸರು ಹುಡುಕೋದೇ ಕಷ್ಟ ಆಗುತ್ತೆ.